ಪಾಸ್‌ವರ್ಡ್ ಕೊಟ್ಟವನೂ ಕಳ್ಳನೇ?

ಕಳೆದ ತಿಂಗಳು ಸಂತೆಯ ದಿನ ಅಕ್ಕಲಕೋಟೆಗೆ ಹೋಗಿದ್ದೆ. ತೊಗರಿ ವ್ಯಾಪಾರ ಮಾಡುವ ಹಳೆಯ ಪರಿಚಯದ ಸಾವಕಾರರೊಬ್ಬರ ಅಂಗಡಿಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದಾಗ ಅವರು ಮಾತಿನ ನಡುವೆ ಒಂದು ಪ್ರಶ್ನೆ ಹಾಕಿದರು.

"ಏನ್ರೀ ಪೇಪರಿನವರ, ನಮ್ಮ ತಮ್ಮ ಅಫಜಲಪುರದಾಗ ಇರ್ತಾನ. ಮೊಬೈಲಿನ್ಯಾಗ ಸಿನಿಮಾ ಬರ್ತಾವಲ್ಲ, ಅದಕ್ಕ ವರ್ಷದ ರೊಕ್ಕ ಕಟ್ಯಾನ. ಅದರ ಪಾಸ್‌ವರ್ಡ್ ನಮ್ಮ ಅವ್ವಗ ಕೊಟ್ಟಾನ. ಅವ್ವ ಇಲ್ಲೆ ನನ್ನ ಮನ್ಯಾಗ ಕುಂತು ಕನ್ನಡ ಸಿನಿಮಾ ನೋಡ್ತಾಳ. ಈಗ ನನ್ನ ಮೊಮ್ಮಗ ಹೇಳ್ತಾನ, ಅಮೆರಿಕಾದಾಗ ಹಂಗ ಕೊಟ್ಟರ ಜೇಲಂತ! ನಮ್ಮ ಕಡೀಗೂ ಬರ್ತದೇನ್ರಿ ಅದು?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಎಂಬತ್ತು ದಾಟಿದ ಮುದುಕಿಯ ಕೈಗೆ ಬೇಡಿ ಹಾಕುವ ಚಿತ್ರ ಯಾರಿಗಾದರೂ ನಗು ತರಿಸುವಂಥದ್ದೇ. ಆದರೆ ಊರಿಗೆ ಮರಳಿ ಕಾಯ್ದೆ ಪುಸ್ತಕ ತೆರೆದು ನೋಡಿದಾಗ ಆ ನಗು ಅರ್ಧಕ್ಕೆ ನಿಂತಿತು. ಸಾವಕಾರರ ಪ್ರಶ್ನೆಗೆ "ಛೆ, ಹಂಗೇನಿಲ್ಲ ಬಿಡ್ರಿ" ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂತಿಲ್ಲ. ಆದುದರಿಂದಲೇ ಈ ವಾರ ಈ ವಿಷಯ.

ಮೊಮ್ಮಗ ಹೇಳಿದ್ದು ಸುಳ್ಳಲ್ಲ. ಅಮೆರಿಕದ ಟೆನೆಸ್ಸಿ ರಾಜ್ಯ 2011ರಲ್ಲಿ ಇಂಥದೊಂದು ಕಾನೂನು ಮಾಡಿತು. ಕೇಬಲ್ ಟಿ.ವಿ. ತಂತಿಗೆ ಕದ್ದು ಕೊಂಡಿ ಹಾಕುವವರನ್ನು, ಹೋಟೆಲಿನಲ್ಲಿ ಉಂಡು ಹಣ ಕೊಡದೆ ಓಡುವವರನ್ನು ಶಿಕ್ಷಿಸುವ ಹಳೆಯ ಕಾನೂನೊಂದು ಅಲ್ಲಿತ್ತು. ಅದರೊಳಗೆ ಮನರಂಜನೆಯ ಚಂದಾ ಸೇವೆಗಳನ್ನೂ ಸೇರಿಸಲಾಯಿತು. ಗವರ್ನರ್ ಬಿಲ್ ಹಸ್ಲಂ ಸಹಿ ಹಾಕಿದರು. ಆ ವರ್ಷದ ಜುಲೈ 1ರಿಂದ ಅದು ಜಾರಿಗೆ ಬಂತು. ಇದಕ್ಕಾಗಿ ಓಡಾಡಿದವರು ಸಂಗೀತ ಧ್ವನಿಮುದ್ರಣ ಉದ್ಯಮದವರು. ಆ ರಾಜ್ಯದ ರಾಜಧಾನಿ ನ್ಯಾಶ್‌ವಿಲ್ ಅಮೆರಿಕದ ಹಾಡು-ಸಂಗೀತದ ದೊಡ್ಡ ಪೇಟೆ ಎಂಬುದನ್ನು ನೆನೆದರೆ ಕಾರಣ ತಾನಾಗಿಯೇ ತಿಳಿಯುತ್ತದೆ.

ಆಗಿನ ಲೆಕ್ಕದಲ್ಲಿ 500 ಡಾಲರ್‌ವರೆಗಿನ ಕಳವಿಗೆ ಒಂದು ವರ್ಷದವರೆಗೆ ಜೈಲು, 2,500 ಡಾಲರ್‌ವರೆಗೆ ದಂಡ. ಅದಕ್ಕೆ ಮೇಲಾದರೆ ಇನ್ನೂ ಘೋರ ಅಪರಾಧ. "ಸಾವಿರಾರು ಪಾಸ್‌ವರ್ಡ್ ಕದ್ದು ಮಾರುವ ದಂಧೆಯವರೇ ನಮ್ಮ ಗುರಿ, ಮನೆಮಂದಿಯಲ್ಲ" ಎಂಬುದು ಬೆಂಬಲಿಗರ ಸಮಜಾಯಿಷಿ. ಒಳ್ಳೆಯ ಮಾತೇ. ಆದರೆ ಕಾನೂನಿನ ಅಕ್ಷರ ಹಾಗೆ ಹೇಳುತ್ತಿರಲಿಲ್ಲ. ಗೆಳೆಯನೇ ಒಪ್ಪಿ ಕೊಟ್ಟ ಪಾಸ್‌ವರ್ಡ್ ಬಳಸಿ ಸಿನಿಮಾ ನೋಡಿದವನನ್ನೂ ಅದರ ಬಲೆಗೆ ಹಾಕಬಹುದಿತ್ತು. ದೊಡ್ಡ ಮೀನಿಗೆಂದು ಹೆಣೆದ ಬಲೆಯಲ್ಲಿ ಸಣ್ಣ ಮೀನನ್ನು ಬಿಟ್ಟುಬಿಡುತ್ತೇವೆ ಎಂದರೆ, ಬಿಡುವುದು ಬೆಸ್ತನ ಮರ್ಜಿ. ಮೀನಿನ ಹಕ್ಕಲ್ಲ.

ಈ ತೊಡಕು ಆ ದೇಶದ ಕೇಂದ್ರ ಕಾನೂನಿನಲ್ಲೂ ಕಾಣಿಸಿತು. ಕಂಪ್ಯೂಟರಿಗೆ ಅನುಮತಿಯಿಲ್ಲದೆ ನುಗ್ಗುವುದನ್ನು ತಡೆಯುವ 1986ರ ಕಾಯ್ದೆಯೊಂದು ಅಲ್ಲಿದೆ. ಕೆಲಸ ಬಿಟ್ಟು ಹೋದ ನೌಕರನೊಬ್ಬನ ಕಡೆಯವರು, ಒಳಗಿದ್ದವರ ಪಾಸ್‌ವರ್ಡ್ ಪಡೆದು ಹಳೆಯ ಕಂಪನಿಯ ಮಾಹಿತಿ ತೆಗೆದ ಮೊಕದ್ದಮೆ 2016ರಲ್ಲಿ ಮೇಲ್ಮನವಿ ನ್ಯಾಯಾಲಯಕ್ಕೆ ಬಂತು. ಇಬ್ಬರು ನ್ಯಾಯಾಧೀಶರು ಶಿಕ್ಷೆಯನ್ನು ಎತ್ತಿ ಹಿಡಿದರು. ಮೂರನೆಯವರಾದ ಸ್ಟೀಫನ್ ರೈನ್‌ಹಾರ್ಟ್ ಒಪ್ಪಲಿಲ್ಲ. ಈ ತರ್ಕವನ್ನು ಒಪ್ಪಿದರೆ ಸಾಮಾನ್ಯ ಜನ ದಿನಾ ಮಾಡುವ ನಿರಪಾಯದ ಪಾಸ್‌ವರ್ಡ್ ಹಂಚಿಕೆಯೂ ಅಪರಾಧವಾದೀತು ಎಂದು ಎಚ್ಚರಿಸಿದರು. ಬಹುಮತದ ತೀರ್ಪು ಕೊಟ್ಟವರು ಇದು ಮನೆಮಂದಿಯ ಹಂಚಿಕೆಯ ಪ್ರಶ್ನೆಯಲ್ಲ ಎಂದರಾದರೂ, ಗೆರೆ ಎಲ್ಲಿ ಎಂಬುದು ಮಸುಕಾಗಿಯೇ ಉಳಿಯಿತು. 2021ರಲ್ಲಿ ಬೇರೊಂದು ಮೊಕದ್ದಮೆಯಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಆ ಕಾಯ್ದೆಯ ವ್ಯಾಪ್ತಿಯನ್ನು ಕಿರಿದುಗೊಳಿಸಿತು. ಇಷ್ಟಾಗಲು 35 ವರ್ಷ ಬೇಕಾಯಿತು!

ಇಂಗ್ಲೆಂಡಿನ ಕತೆ ಇನ್ನೂ ಸ್ವಾರಸ್ಯದ್ದು. 2022ರ ಡಿಸೆಂಬರಿನಲ್ಲಿ ಅಲ್ಲಿಯ ಸರ್ಕಾರದ ಬೌದ್ಧಿಕ ಆಸ್ತಿ ಕಚೇರಿ ಜನರಿಗೆ ತಿಳಿವಳಿಕೆ ನೀಡಲು ಹೊರಟು, ಪಾಸ್‌ವರ್ಡ್ ಹಂಚುವುದನ್ನೂ ಹಕ್ಕುಸ್ವಾಮ್ಯ ಉಲ್ಲಂಘನೆಯ ಪಟ್ಟಿಗೆ ಸೇರಿಸಿತು. ಗದ್ದಲವಾದ ಕೂಡಲೇ ಆ ಸಾಲನ್ನು ತೆಗೆದುಹಾಕಿತು. ಆದರೆ ಸಾಲು ಹೋಯಿತೇ ವಿನಾ ಕಾನೂನು ಬದಲಾಗಲಿಲ್ಲ. ಜನರಿಗೆ ಸಿಕ್ಕ ಉತ್ತರವೇನು? ಏನೂ ಇಲ್ಲ.

ಇನ್ನು ನಮ್ಮ ಮನೆಯ ವಿಚಾರಕ್ಕೆ ಬರೋಣ.

ನಮ್ಮಲ್ಲಿ "ಸಿನಿಮಾ ಪಾಸ್‌ವರ್ಡ್ ಹಂಚಬಾರದು" ಎಂದು ಬಿಡಿಸಿ ಹೇಳುವ ಕಾನೂನು ಇಲ್ಲ. ಆದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರ ತಿದ್ದುಪಡಿ ಸೇರಿಸಿದ 66-ಸಿ ಎಂಬ ಕಲಮು ಇದೆ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಅಥವಾ ಅಪ್ರಾಮಾಣಿಕವಾಗಿ ಬಳಸಿದವರಿಗೆ 3 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ. ಇದು ಪೊಲೀಸರು ವಾರಂಟಿಲ್ಲದೆಯೂ ಕೈಹಾಕಬಹುದಾದ, ಆದರೆ ಜಾಮೀನು ಸಿಗುವ ಅಪರಾಧ. ಬ್ಯಾಂಕ್ ಖಾತೆಗೆ ಕನ್ನ ಹಾಕುವವರಿಂದ ನಮ್ಮ ರೈತರನ್ನು, ವ್ಯಾಪಾರಿಗಳನ್ನು ಕಾಪಾಡುವುದೂ ಇದೇ ಕಲಮು. ಆದ್ದರಿಂದ ಕಲಮು ಬೇಡ ಎಂದು ನಾನು ಹೇಳುವವನಲ್ಲ.

ತೊಡಕು ಇರುವುದು "ಅಪ್ರಾಮಾಣಿಕವಾಗಿ" ಎಂಬ ಮಾತಿನಲ್ಲಿ. ಹಳೆಯ ದಂಡ ಸಂಹಿತೆಯೂ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಆ ಮಾತಿಗೆ ಒಂದೇ ಅರ್ಥ ಕೊಡುತ್ತವೆ: ಒಬ್ಬರಿಗೆ ಅಕ್ರಮ ಲಾಭ ಇಲ್ಲವೇ ಇನ್ನೊಬ್ಬರಿಗೆ ಅಕ್ರಮ ನಷ್ಟ ಮಾಡುವ ಉದ್ದೇಶ. ತಮ್ಮ ಮನಸಾರೆ ಕೊಟ್ಟಿದ್ದಾನೆ, ಅವ್ವ ನೋಡಿದ್ದಾಳೆ. ಇದರಲ್ಲಿ ಮೋಸ ಎಲ್ಲಿ ಬಂತು ಎಂದು ನೀವು ಕೇಳುತ್ತೀರಿ. ನಾನೂ ಅದನ್ನೇ ಕೇಳುತ್ತೇನೆ. ಆದರೆ ಕಂಪನಿಯ ವಕೀಲ ಏನೆಂದಾನು? "ಒಂದು ಮನೆಗೆ ಎಂದು ನಮ್ಮ ಕರಾರಿನಲ್ಲಿ ಬರೆದಿದೆ. ಎರಡನೆಯ ಮನೆಯವರು ನೋಡಿದರೆ ನಮಗೆ ಬರಬೇಕಾದ ಒಂದು ಚಂದಾ ಹೋಯಿತು. ಅದೇ ಅಕ್ರಮ ನಷ್ಟ" ಎಂದಾನು. ಈ ವಾದವನ್ನು ಕೋರ್ಟು ಒಪ್ಪಬೇಕೆಂದಿಲ್ಲ. ಆದರೆ ಕೋರ್ಟು ಒಪ್ಪುವುದಿಲ್ಲ ಎಂದು ಗೊತ್ತಾಗುವ ಮೊದಲು ಠಾಣೆಯ ಕಟ್ಟೆ ಹತ್ತಿ ಇಳಿಯಬೇಕಾದವನು ಯಾರು? ಕಂಪನಿಯವನಲ್ಲ.

ನಾನು ಇಲ್ಲದ ಭೂತಕ್ಕೆ ಹೆದರಿಸುತ್ತಿಲ್ಲ. ಸಡಿಲ ಮಾತಿನ ಕಲಮು ಏನು ಮಾಡಬಲ್ಲದು ಎಂಬುದನ್ನು ಇದೇ ಕಾಯ್ದೆಯ 66-ಎ ಕಲಮಿನಲ್ಲಿ ದೇಶವೇ ನೋಡಿದೆ. 2012ರ ನವೆಂಬರಿನಲ್ಲಿ ಮಹಾರಾಷ್ಟ್ರದ ಪಾಲಘರದಲ್ಲಿ ಇಬ್ಬರು ಯುವತಿಯರನ್ನು ಪೊಲೀಸರು ಬಂಧಿಸಿದರು. ಒಬ್ಬಳು ಮುಂಬಯಿ ಬಂದ್ ಆದದ್ದರ ಬಗ್ಗೆ ಫೇಸ್‌ಬುಕ್‌ನಲ್ಲಿ ನಾಲ್ಕು ಮಾತು ಬರೆದಿದ್ದಳು, ಇನ್ನೊಬ್ಬಳು ಅದನ್ನು ಮೆಚ್ಚಿದ್ದಳು, ಅಷ್ಟೇ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಆ ಕಲಮನ್ನೇ ಕಿತ್ತೊಗೆಯಿತು. ಕಲಮು ತಂದವರು ಇಂಥವರನ್ನು ಹಿಡಿಯಲೆಂದು ತಂದಿರಲಿಲ್ಲ ಎಂಬುದು ನಿಜ. ಆದರೂ ಹಿಡಿದರು.

ಗಡಿಯಲ್ಲಿ ಇರುವವರಿಗೆ ಇನ್ನೊಂದು ಎಳೆ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ ಇಡೀ ದೇಶಕ್ಕೆ ಒಂದೇ. ಆದರೆ ಜನರು ಗೂಂಡಾ ಕಾಯ್ದೆ ಎಂದು ಕರೆಯುವ ಮುಂಜಾಗ್ರತಾ ಬಂಧನದ ಕಾನೂನು ರಾಜ್ಯಕ್ಕೊಂದು ತರಹ. ಕರ್ನಾಟಕವು ತನ್ನ 1985ರ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು ಡಿಜಿಟಲ್ ಅಪರಾಧಿಗಳು, ವಿಡಿಯೊ-ಆಡಿಯೊ ಪೈರಸಿ ಮಾಡುವವರು ಎಂಬ ವರ್ಗಗಳನ್ನು ಸೇರಿಸಿತು. ಇನ್ನೊಬ್ಬ ಬಳಕೆದಾರನ ಗುರುತಿನಲ್ಲಿ ಒಳಹೊಕ್ಕು, ತನಗೆ ಅಥವಾ ಬೇರೆಯವರಿಗೆ ಹಣದ ಲಾಭವಾಗುವಂತೆ ಅಕ್ರಮವಾಗಿ ಜಾಲ ಬಳಸುವವನೂ ಅದರ ವ್ಯಾಖ್ಯೆಯೊಳಗೆ ಬರುತ್ತಾನೆ. ಅಂಥವನನ್ನು ವಿಚಾರಣೆಗೆ ಮುನ್ನವೇ 12 ತಿಂಗಳವರೆಗೆ ಇರಿಸಿಕೊಳ್ಳಬಹುದು. ತಮಿಳುನಾಡು 2004ರಲ್ಲೇ ವಿಡಿಯೊ ಪೈರಸಿಯನ್ನು ತನ್ನ ಕಾಯ್ದೆಗೆ ಸೇರಿಸಿ, 2014ರಲ್ಲಿ ಸೈಬರ್ ಅಪರಾಧಿಗಳನ್ನೂ ಸೇರಿಸಿತು. ಮಹಾರಾಷ್ಟ್ರ 2009ರಲ್ಲಿ ವಿಡಿಯೊ ಪೈರಸಿಯನ್ನು ಸೇರಿಸಿತು. ಇವು ಯಾವುವೂ ಮನೆಮಂದಿಯ ಹಂಚಿಕೆಗಾಗಿ ಮಾಡಿದ ಕಾಯ್ದೆಗಳಲ್ಲ. ಕರ್ನಾಟಕದ ವ್ಯಾಖ್ಯೆಯಲ್ಲಿ ಹಣದ ಲಾಭ ಎಂಬ ಷರತ್ತೂ ಇದೆ. ಆದರೆ ಅಣ್ಣ ತಾಳವಾಡಿಯಲ್ಲಿ, ತಂಗಿ ಚಾಮರಾಜನಗರದಲ್ಲಿ ಇರುವ ಸಂಸಾರದಲ್ಲಿ ಒಂದೇ ಪಾಸ್‌ವರ್ಡಿಗೆ ಎರಡು ರಾಜ್ಯದ ಪೊಲೀಸರು, ಎರಡು ರಾಜ್ಯದ ಕಾಯ್ದೆ ಎಂಬುದನ್ನು ಕಾನೂನು ಮಾಡುವವರು ಒಮ್ಮೆಯಾದರೂ ಯೋಚಿಸಿದ್ದಾರೆಯೇ?

ಒಂದು ಮನೆ ಎಂದರೆ ಏನು ಎಂಬುದೇ ನಮಗೂ ಕಂಪನಿಗಳಿಗೂ ಇರುವ ಅಂತರ. ಒಂದೇ ಇಂಟರ್‌ನೆಟ್ ಸಂಪರ್ಕದ ಕೆಳಗೆ ಇರುವವರು ಒಂದು ಮನೆ ಎಂಬುದು ಅವರ ಲೆಕ್ಕ. ನಮ್ಮ ಲೆಕ್ಕ ಹಾಗಲ್ಲ. ಹೊಲ ಒಂದೂರಲ್ಲಿ, ಅಂಗಡಿ ಇನ್ನೊಂದೂರಲ್ಲಿ. ಮಗಳನ್ನು ಕೊಟ್ಟದ್ದು ಗೆರೆಯ ಆಚೆ, ಸೊಸೆಯನ್ನು ತಂದದ್ದು ಗೆರೆಯ ಈಚೆ. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ನಮ್ಮ ಸಂಸಾರಗಳನ್ನು ಯಾರೂ ಕೇಳಲಿಲ್ಲ. ಆಚೆ ಉಳಿದ ಕನ್ನಡಿಗರಿಗೆ ಮನೆಯ ಟಿ.ವಿ.ಯಲ್ಲಿ ಕನ್ನಡ ಬಂದರೆ ಬಂತು, ಇಲ್ಲವಾದರೆ ಇಲ್ಲ. ಕೇಬಲ್ಲಿನವನನ್ನು ಕೇಳಿದರೆ "ನೋಡೋರು ಕಡಿಮಿ ಅದಾರ್ರೀ" ಎನ್ನುತ್ತಾನೆ. ಆಗ ಮೊಬೈಲಿನ ಈ ಸೇವೆಯೇ ಮುದುಕರಿಗೆ ಕನ್ನಡದ ಮಾತು ಕೇಳಿಸುವ ಕಿಟಕಿ. ಈಚೆ ಇರುವ ಮಗ ಆಚೆ ಇರುವ ತಾಯಿಗೆ ಆ ಕಿಟಕಿ ತೆರೆದುಕೊಟ್ಟರೆ ಅದಕ್ಕೆ ಕಳವು ಎಂಬ ಹೆಸರು ಒಪ್ಪುತ್ತದೆಯೇ?

ಹಾಗೆಂದು ಇನ್ನೊಂದು ಪಕ್ಷದ ಮಾತನ್ನು ತಳ್ಳಿಹಾಕುವುದು ನ್ಯಾಯವಲ್ಲ. ಸಿನಿಮಾ ಮಾಡಲು ಹಣ ಬೇಕು. ಕನ್ನಡದ ಮಾರುಕಟ್ಟೆ ತೆಲುಗು, ತಮಿಳಿನಷ್ಟು ದೊಡ್ಡದಲ್ಲ. ಎಲ್ಲರೂ ಪುಕ್ಕಟೆ ನೋಡಿದರೆ ನಾಳೆ ಕನ್ನಡ ಚಿತ್ರವನ್ನು ಕೊಳ್ಳುವ ಕಂಪನಿಯೇ ಇರುವುದಿಲ್ಲ. ಆಗ ಕಿಟಕಿ ತಾನಾಗಿ ಮುಚ್ಚಿಕೊಳ್ಳುತ್ತದೆ. ವ್ಯಾಪಾರ ಮಾಡುವ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉದ್ರಿ ಹೆಚ್ಚಾದ ಅಂಗಡಿ ಎಷ್ಟು ದಿನ ನಡೆದೀತು? ಅದರಲ್ಲೂ ಒಂದು ಖಾತೆ ತೆಗೆದು ಅದನ್ನು ಇಪ್ಪತ್ತು ಮಂದಿಗೆ ಐವತ್ತು-ನೂರು ರೂಪಾಯಿಗೆ ಮಾರುವವನಿದ್ದಾನಲ್ಲ, ಅವನು ಮನೆಮಂದಿಯಲ್ಲ. ಅವನು ಇನ್ನೊಬ್ಬರ ಸರಕನ್ನು ಮಾರುವ ದಂಧೆಕೋರ. ಅವನಿಗೆ ಶಿಕ್ಷೆ ಬೇಡ ಎಂದು ಯಾರೂ ಹೇಳಲಾರರು.

ನನ್ನ ತಕರಾರು ಇಷ್ಟೇ: ಕರಾರು ಮುರಿದದ್ದು ಬೇರೆ, ಕಳವು ಮಾಡಿದ್ದು ಬೇರೆ. ಬಾಡಿಗೆ ಮನೆಯಲ್ಲಿ ನೆಂಟರು ಎಂಟು ದಿನ ಹೆಚ್ಚು ಉಳಿದರೆ ಮಾಲೀಕ ಹೆಚ್ಚು ಬಾಡಿಗೆ ಕೇಳಬಹುದು, ಮನೆ ಬಿಡಿ ಎನ್ನಬಹುದು. ನೆಂಟರ ಮೇಲೆ ಕಳವಿನ ಕೇಸು ಹಾಕುವುದಿಲ್ಲ. ಕರಾರು ಮುರಿದವನಿಂದ ನಷ್ಟ ಕೇಳಲು 1872ರ ಕರಾರು ಕಾಯ್ದೆ ಇದೆ, ಸಿವಿಲ್ ಕೋರ್ಟು ಇದೆ. ನಮ್ಮ ಪತ್ರಿಕೆಯನ್ನೇ ನೋಡಿ. ಕೊಳ್ಳುವವನು ಒಬ್ಬ, ಕಟ್ಟೆಯ ಮೇಲೆ ಕೂತು ಓದುವವರು ಹತ್ತು ಮಂದಿ. ನಾವು ಯಾವತ್ತಾದರೂ ಠಾಣೆಗೆ ದೂರು ಕೊಟ್ಟಿದ್ದೇವೆಯೇ?

ಹಂಚಿಕೆ ಮತ್ತು ಮಾರಾಟದ ನಡುವೆ ಗೆರೆ ಎಳೆಯುವುದು ಕಾನೂನಿಗೆ ಆಗದ ಕೆಲಸವೂ ಅಲ್ಲ. ರೈತ ಓದುಗರು ಇದನ್ನು ನೆನಪಿಡಬೇಕು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಮು ಏನು ಹೇಳುತ್ತದೆ? ಕಂಪನಿಯ ಹಕ್ಕಿರುವ ತಳಿಯಾದರೂ ರೈತ ತಾನು ಬೆಳೆದ ಬೀಜವನ್ನು ಉಳಿಸಿಕೊಳ್ಳಬಹುದು, ಬಿತ್ತಬಹುದು, ಬದಲಾಯಿಸಿಕೊಳ್ಳಬಹುದು, ಹಂಚಬಹುದು, ಮಾರಲೂಬಹುದು. ಬ್ರ್ಯಾಂಡ್ ಹಚ್ಚಿ ಮಾತ್ರ ಮಾರುವಂತಿಲ್ಲ. ಎಷ್ಟು ಚೊಕ್ಕ ಗೆರೆ! 2019ರಲ್ಲಿ ಪೆಪ್ಸಿಕೋ ಕಂಪನಿ ಗುಜರಾತಿನ ಆಲೂಗಡ್ಡೆ ಬೆಳೆಗಾರರ ಮೇಲೆ ತಲಾ ಕೋಟಿ ರೂಪಾಯಿಗೂ ಮಿಕ್ಕಿದ ದಾವೆ ಹೂಡಿದಾಗ ರೈತರ ಪರ ನಿಂತವರು ತೋರಿಸಿದ್ದು ಇದೇ ಕಲಮನ್ನು. ದೇಶದೆಲ್ಲೆಡೆ ಕೂಗೆದ್ದ ಮೇಲೆ ಆ ವರ್ಷದ ಮೇ ತಿಂಗಳಲ್ಲಿ ಕಂಪನಿ ದಾವೆ ಹಿಂತೆಗೆದುಕೊಂಡಿತು. ಬರೆದಿಟ್ಟ ಹಕ್ಕು ಇದ್ದುದರಿಂದ ರೈತನಿಗೆ ನಿಲ್ಲಲು ನೆಲ ಸಿಕ್ಕಿತು. ಬೀಜಕ್ಕೆ ಸಾಧ್ಯವಾದದ್ದು ಸಿನಿಮಾಕ್ಕೆ ಯಾಕೆ ಸಾಧ್ಯವಿಲ್ಲ?

ಇನ್ನು ಕಂಪನಿಗಳಿಗೆ ಪೊಲೀಸರ ನೆರವು ನಿಜಕ್ಕೂ ಬೇಕೇ? ನೆಟ್‌ಫ್ಲಿಕ್ಸ್ ಕಂಪನಿಯ ಉದಾಹರಣೆ ನೋಡಿ. 2017ರಲ್ಲಿ "ಪಾಸ್‌ವರ್ಡ್ ಹಂಚುವುದೇ ಪ್ರೀತಿ" ಎಂಬ ಅರ್ಥದ ಮಾತನ್ನು ಅದೇ ಟ್ವಿಟ್ಟರಿನಲ್ಲಿ ಬರೆದಿತ್ತು. ಗಿರಾಕಿ ಹೆಚ್ಚಬೇಕಾದಾಗ ಹಂಚಿಕೆ ಪ್ರೀತಿಯಾಗಿತ್ತು! 2022ರ ಏಪ್ರಿಲಿನಲ್ಲಿ ಮೂರು ತಿಂಗಳಿಗೆ 2 ಲಕ್ಷ ಚಂದಾದಾರರು ಕಡಿಮೆಯಾದಾಗ ಲೆಕ್ಕ ತೆಗೆಯಿತು: ಹಣ ಕಟ್ಟುವ ಮನೆಗಳು 22.2 ಕೋಟಿ, ಹಂಚಿಕೊಂಡು ನೋಡುವ ಮನೆಗಳು ಇನ್ನೂ 10 ಕೋಟಿಗೆ ಮೇಲೆ. 2023ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ, ಜುಲೈ 20ರಿಂದ ಭಾರತದಲ್ಲಿ ತಾನೇ ಬೀಗ ಹಾಕಿತು. ಬೇರೆ ಮನೆಯ ಟಿ.ವಿ.ಯಾದರೆ ತಡೆಯಿತು. 2024ರ ಕೊನೆಗೆ ಅದರ ಚಂದಾದಾರರು 30 ಕೋಟಿ ದಾಟಿದರು. ಜಾಹೀರಾತು ಬರುವ ಅಗ್ಗದ ಯೋಜನೆಯ ಪಾಲೂ ಅದರಲ್ಲಿದೆ. ಅದು ಹಾಕಿದ ಬೀಗ ನಮಗೆ ಇಷ್ಟವಾಗಲಿ ಬಿಡಲಿ, ಅದು ಅದರ ಅಂಗಡಿ, ಅದರ ಬೀಗ. ಅಂಗಡಿಗೆ ಬೀಗ ಹಾಕುವ ಶಕ್ತಿ ಇದ್ದವನು ಗಿರಾಕಿಯ ಮನೆಗೆ ಪೊಲೀಸರನ್ನು ಕಳಿಸುವ ಅಧಿಕಾರವನ್ನೂ ಕೇಳಬಾರದು.

ಸರ್ಕಾರವು 66-ಸಿ ಕಲಮಿಗೆ ಒಂದು ವಿವರಣೆ ಸೇರಿಸಬೇಕು. ಖಾತೆಯ ಒಡೆಯನೇ ಒಪ್ಪಿ, ಹಣ ಪಡೆಯದೆ, ಮನೆಯವರಿಗೆ ಅಥವಾ ಆಪ್ತರಿಗೆ ಕೊಟ್ಟ ಮನರಂಜನಾ ಸೇವೆಯ ಪಾಸ್‌ವರ್ಡ್ ಬಳಕೆ ಅಪರಾಧವಲ್ಲ, ಹಣಕ್ಕೆ ಮಾರಿದರೆ ಅಪರಾಧ ಎಂದು ಎರಡು ಸಾಲು ಬರೆದರೆ ಸಾಕು. ಕಂಪನಿಗಳು ತಮ್ಮ ಷರತ್ತುಗಳನ್ನು ಕನ್ನಡದಲ್ಲಿ, ಓದಿ ತಿಳಿಯುವಷ್ಟು ಚಿಕ್ಕದಾಗಿ ಕೊಡಬೇಕು. ಎರಡೂರಲ್ಲಿ ಬಾಳುವ ಸಂಸಾರಕ್ಕೆ ಅಲ್ಪ ಹಣಕ್ಕೆ ಎರಡನೆಯ ಮನೆ ಸೇರಿಸುವ ದಾರಿ ಮಾಡಬೇಕು. ಅಂಥ ದಾರಿ ಇದ್ದರೆ ನಮ್ಮ ಜನ ಹಣ ಕಟ್ಟಲು ಹಿಂದೆಗೆಯುವವರಲ್ಲ.

ಓದುಗರಿಗೂ ಎರಡು ಮಾತು. ಸಿನಿಮಾ ಪಾಸ್‌ವರ್ಡನ್ನೇ ಬ್ಯಾಂಕಿಗೂ, ಈ-ಮೇಲಿಗೂ ಇಟ್ಟುಕೊಂಡಿದ್ದರೆ ಇಂದೇ ಬದಲಿಸಿ. ತಮ್ಮನಿಗೆ ಕೊಟ್ಟದ್ದು ತಮ್ಮನ ಗೆಳೆಯನಿಗೆ, ಗೆಳೆಯನಿಂದ ಯಾರಿಗೋ ಹೋಗಿ ನಿಮ್ಮ ಗಂಟಿಗೇ ಕೈಬಿದ್ದೀತು. ಓ.ಟಿ.ಪಿ.ಯನ್ನು ಯಾರೇ ಕೇಳಲಿ, ಫೋನಿನಲ್ಲಿ ಹೇಳಬೇಡಿ. "ವರ್ಷಪೂರ್ತಿ ಎಲ್ಲಾ ಸಿನಿಮಾ ನೂರೇ ರೂಪಾಯಿ" ಎಂದು ವಾಟ್ಸ್ಆ್ಯಪಿನಲ್ಲಿ ಮಾರುವವರಿಂದ ಕೊಳ್ಳಬೇಡಿ. ಅಲ್ಲಿ ಮಾತ್ರ 66-ಸಿ ನಿಜವಾಗಿಯೂ ನಿಮ್ಮ ಬಾಗಿಲಿಗೆ ಬರಬಹುದು.

ಮೊನ್ನೆ ಸಾವಕಾರರಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಎಲ್ಲ ಕೇಳಿಸಿಕೊಂಡು ಅವರೆಂದರು: "ಅಂದ್ರ ನಮ್ಮ ಅವ್ವ ಕಳ್ಳಿ ಅಲ್ಲ ಅಂತ ನೀವು ಹೇಳ್ತೀರಿ. ಕಾಯ್ದೇದಾಗ ಬರದಿಲ್ಲ, ಹೌದಿಲ್ರಿ?"

ಹೌದು, ಬರೆದಿಲ್ಲ. ಬರೆಯಬೇಕು.